ನಾಲ್ಕಿಂಚು ಹೆಚ್ಚಿನ ಕೋಟು

ಚಳಿಯ ವಿಷಯದಲ್ಲಿ ನನ್ನ ಸೋದರಮಾವನಷ್ಟು ದೊಡ್ಡ ಪಂಡಿತರು ಭದ್ರಾವತಿಯಲ್ಲಿ ಮಾತ್ರವಲ್ಲ, ಇಡೀ ಶಿವಮೊಗ್ಗ ಜಿಲ್ಲೆಯಲ್ಲೇ ಇರಲಿಲ್ಲ. ಅವರು ಹಿಮ ಕಂಡದ್ದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ ಎಂಬುದು ಬೇರೆ ಮಾತು! ಪಾಂಡಿತ್ಯಕ್ಕೂ ಅನುಭವಕ್ಕೂ ಸಂಬಂಧ ಇರಲೇಬೇಕೆಂದು ಎಲ್ಲಿ ಬರೆದಿದೆ ಹೇಳಿ?

ಮಾವ ಕೆಲಸ ಮಾಡುತ್ತಿದ್ದುದು ಕಬ್ಬಿಣದ ಕಾರ್ಖಾನೆಯ ಫೌಂಡ್ರಿಯಲ್ಲಿ, ಅಂದರೆ ಕಾದು ನೀರಾದ ಕಬ್ಬಿಣವನ್ನು ಅಚ್ಚಿಗೆ ಎರೆಯುವ ಜಾಗದಲ್ಲಿ. ಇಪ್ಪತ್ತೈದು ವರ್ಷ ಆ ಬೆಂಕಿಯ ಮುಂದೆ ನಿಂತವರಿಗೆ ಹೊರಗಿನ ಲೋಕವೆಲ್ಲ ತಣ್ಣಗೇ ತಾನೇ? ಏಪ್ರಿಲ್ ತಿಂಗಳಲ್ಲಿ, ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವ ಹೊತ್ತಿನಲ್ಲಿ, ಶಿಫ್ಟು ಮುಗಿಸಿ ಸೈಕಲ್ಲಿನಲ್ಲಿ ಬರುತ್ತಿದ್ದ ಅವರ ತಲೆಯ ಮೇಲೆ ಮಂಕಿ ಕ್ಯಾಪು, ಕೊರಳಿಗೆ ಮಫ್ಲರು! "ಎಂಥಾ ಥಂಡಿ ಮಾರಾಯ್ತಿ ಇವತ್ತು" ಎಂದು ಅಂಗೈ ಉಜ್ಜುತ್ತ ಒಳಗೆ ಬಂದವರೇ ಮೊದಲು ಫ್ಯಾನು ಆರಿಸುತ್ತಿದ್ದರು. ಅತ್ತೆ ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತ, "ಮದುವೆಗೆ ನಮ್ಮಪ್ಪ ಫ್ಯಾನ್ ಕೊಟ್ಟಿದ್ದು ದಂಡ ಕಣೇ, ರಗ್ಗು ಕೊಡಬೇಕಿತ್ತು" ಎನ್ನುತ್ತಿದ್ದರು.

ಈ ಪಾಂಡಿತ್ಯಕ್ಕೆ ಕೆಲಸ ಸಿಕ್ಕಿದ್ದು ತೊಂಬತ್ತರ ದಶಕದ ಕೊನೆಯಲ್ಲಿ, ನನಗೆ ಕೆಲಸ ಸಿಕ್ಕಾಗ. ಕೇಂದ್ರ ಸರ್ಕಾರದ ಶಾಲೆಯೊಂದರಲ್ಲಿ ಟೀಚರ್ ಆಗುವ ಆರ್ಡರು ಶಿವಮೊಗ್ಗದ ವಿದ್ಯಾನಗರದ ನಮ್ಮ ಮನೆಗೆ ಬಂತು. ಅಮ್ಮ ಕೇಸರಿಭಾತಿಗೆಂದು ರವೆ ಹುರಿಯಲು ಇಟ್ಟಳು. ಅಪ್ಪ ಕನ್ನಡಕ ಏರಿಸಿಕೊಂಡು ಊರಿನ ಹೆಸರು ಓದಿದರು. ಹಿಮಾಚಲ ಪ್ರದೇಶದ ಯಾವುದೋ ಬೆಟ್ಟದ ತುದಿ! ಅಮ್ಮ ಒಲೆ ಆರಿಸಿದಳು. ಅರ್ಧ ಹುರಿದ ಆ ರವೆಗೆ ಮರುದಿನ ಉಪ್ಪಿಟ್ಟಾಗುವ ಯೋಗವಿತ್ತು.

ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಎಲ್ಲವೂ ಲೆಕ್ಕದ ಹಾಗೆ ಹೆಜ್ಜೆ ಹೆಜ್ಜೆಯಾಗಿ ಬರಬೇಕು ಅವರಿಗೆ. "ಚಳಿಗಾಲದಲ್ಲಿ ಅಲ್ಲಿ ಸೊನ್ನೆಗಿಂತ ಕೆಳಗೆ ಹೋಗುತ್ತೆ. ನೀನು ಡಿಸೆಂಬರಲ್ಲಿ ಬಿಸಿನೀರಿಲ್ದೆ ಮುಖ ತೊಳೆಯಲ್ಲ. ಆ ಚಳಿ ತಡೆಯೋ ಕೋಟು ನಮ್ಮೂರಲ್ಲಿ ಸಿಗಲ್ಲ. ಆದ್ದರಿಂದ ನೀನು ಹೋಗಲ್ಲ" ಎಂದರು. ಆದ್ದರಿಂದ ಎಂಬ ಪದವನ್ನು ಅವರು ಬೋರ್ಡಿನ ಮೇಲೆ ಬರೆದಷ್ಟೇ ಒತ್ತಿ ಹೇಳಿದರು.

ಈಗ ಯೋಚಿಸಿದರೆ ಅನ್ನಿಸುತ್ತದೆ, ಆ ಒಂದು ತಿಂಗಳು ನಮ್ಮ ಮನೆಯಲ್ಲಿ ಭಯ ಎಂಬ ಮಾತನ್ನು ಯಾರೂ ಆಡಲಿಲ್ಲ. ಮದುವೆಯಾಗದ ಮಗಳು, ಮೂರು ದಿನದ ರೈಲು ಪ್ರಯಾಣ, ಗೊತ್ತಿಲ್ಲದ ಭಾಷೆ, ಗೊತ್ತಿಲ್ಲದ ಜನ. ಅದನ್ನೆಲ್ಲ ಹೇಳಲು ಅಪ್ಪನಿಗೂ ಸಂಕೋಚ, ಕೇಳಲು ನನಗೂ ಸಂಕೋಚ. ಹಾಗಾಗಿ ಎಲ್ಲರೂ ಸೇರಿ ಚಳಿಯ ಮೇಲೆ ಹೊರಿಸಿದೆವು. ಪಾಪ, ಚಳಿ ಏನು ಮಾಡೀತು? ಹೊರಿಸಿಕೊಂಡಿತು. ನನಗಂತೂ ಹೋಗಲೇಬೇಕಿತ್ತು. ಎರಡು ವರ್ಷ ಅರ್ಜಿ ಹಾಕಿ ಹಾಕಿ ಸಿಕ್ಕ ಕೆಲಸ ಅದು, ಬಿಟ್ಟರೆ ಇನ್ನೊಂದು ಬರುತ್ತದೆಂಬ ನಂಬಿಕೆ ನನಗಿರಲಿಲ್ಲ. ಸೇರಲು ಕೊಟ್ಟಿದ್ದು ಮೂವತ್ತು ದಿನ.

ಸುದ್ದಿ ತಿಳಿದ ಮಾವ ಮಂಕಿ ಕ್ಯಾಪಿನ ಸಮೇತ ಬಂದಿಳಿದರು. "ಭಾವ, ಕೋಟಿಲ್ಲ ಅನ್ನೋದೊಂದೇ ತಾನೇ ನಿಮ್ಮ ತಕರಾರು? ಕೋಟು ನಾನು ತರ್ತೀನಿ. ತಂದ್ರೆ ಕಳಿಸ್ತೀರಾ?"

"ತಾ, ನೋಡೋಣ" ಎಂದರು ಅಪ್ಪ, ಇವನಿಂದ ಆಗುವ ಕೆಲಸವಲ್ಲ ಎಂಬ ಧೈರ್ಯದಿಂದ.

ನಾನು ಮಾವನನ್ನು ಗೇಟಿನ ಹತ್ತಿರ ಹಿಡಿದು, "ಮಾವ, ಕೋಟು ಅಲ್ಲೇ ಸಿಗುತ್ತೆ. ಅಲ್ಲಿನವರೇನು ಕೋಟಿಲ್ದೆ ಇರ್ತಾರಾ?" ಎಂದೆ. ಮಾವ ನನ್ನನ್ನು ದಡ್ಡಿಯ ಹಾಗೆ ನೋಡಿದರು. "ಅಲ್ಲಿ ತಗೊಂಡ್ರೆ ನಿಮ್ಮಪ್ಪ ಇಲ್ಲಿಂದ ನೋಡ್ತಾರೇನೇ? ಕೋಟು ಬೇಕಾಗಿರೋದು ನಿನಗಲ್ಲ ಮಾರಾಯ್ತಿ, ಅವರಿಗೆ!" ಅವರು ಹೇಳಿದ ಮಾತುಗಳಲ್ಲಿ ಇದೊಂದು ಮಾತ್ರ ಆಗಲೇ ನನಗೆ ಸರಿ ಅನ್ನಿಸಿತ್ತು.

ಮೊದಲು ಶಿವಮೊಗ್ಗದ ಗಾಂಧಿಬಜಾರಿಗೆ ಹೋದೆವು. ಸ್ವೆಟರು ಮಾರುವ ಟಿಬೆಟಿನವರು ಊರಿಗೆ ಬರುವುದು ನವೆಂಬರಿನಲ್ಲಿ. ಇದು ಜುಲೈ. ಹೊರಗೆ ಮಳೆ, ಅಂಗಡಿಯ ತುಂಬ ಛತ್ರಿ. "ಮೈನಸ್ ಐದಕ್ಕೆ ಆಗೋ ಕೋಟು ಕೊಡಿ" ಎಂದು ಮಾವ ಕೇಳಿದಾಗ ಅಂಗಡಿಯವರು ಅದು ಸೈಜು ಎಂದುಕೊಂಡು, "ಅಷ್ಟು ಚಿಕ್ಕದು ಬರಲ್ಲ ಸಾಬ್" ಎಂದರು. ಆಮೇಲೆ ಮದುವೆ ಕೋಟು, ವಕೀಲರ ಕೋಟು, ಬೈಕಿನವರ ರೆಕ್ಸಿನ್ ಜಾಕೆಟ್ಟು, ಒಂದೊಂದಾಗಿ ಹೊರಬಂದವು. ಮಾವನ ಪರೀಕ್ಷೆ ಸರಳ. ಬಟ್ಟೆಗೆ ಬಾಯಿಟ್ಟು ಜೋರಾಗಿ ಊದುವುದು, ಆಚೆ ಬದಿಗೆ ಕೈ ಹಿಡಿದು ಗಾಳಿ ಬರುತ್ತದೋ ಎಂದು ನೋಡುವುದು. ಬಂದರೆ ಕೋಟು ಫೇಲು! ಐದನೆಯ ಕೋಟಿನ ಹೊತ್ತಿಗೆ ಅಂಗಡಿಯವರ ತಾಳ್ಮೆ ಮುಗಿಯಿತು. "ಸಾಬ್, ನಮ್ಮ ಗಿರಾಕಿಗಳು ಕೋಟು ಹಾಕಿ ನೋಡ್ತಾರೆ. ನೀವೊಬ್ರೇ ಊದಿ ನೋಡ್ತಿರೋದು. ಇನ್ನೂ ಬೋಣಿ ಆಗಿಲ್ಲ, ಮೆಹರ್‌ಬಾನಿ ಮಾಡಿ!"

ಒಂದು ವಾರ ಹೀಗೇ ಕಳೆಯಿತು. ಅಪ್ಪ ಊಟಕ್ಕೆ ಕೂತಾಗ, "ಕೋಟು ಎಲ್ಲಿಗೆ ಬಂತು?" ಎಂದು ನಗದೆ ಕೇಳುತ್ತಿದ್ದರು.

ಅಷ್ಟರಲ್ಲಿ ಮಾವನಿಗೆ ಕುಂಸಿಯ ಕಡೆಯ ಕುರಿ ಸಾಕುವವರು ನೆನಪಾದರು. ಮಳೆಗಾಲವೆಲ್ಲ ಬಯಲಲ್ಲಿ ಕುರಿಯ ಜೊತೆ ನಿಲ್ಲುವವರು ಅವರು, ಹೆಗಲ ಮೇಲೆ ಒಂದು ಕಂಬಳಿ ಬಿಟ್ಟರೆ ಇನ್ನೇನಿದೆ? ಹೋಗಿ ಎರಡು ಹೊಸ ಕರಿ ಕಂಬಳಿ ತಂದರು. ಊದಿದರು. ಆಚೆಗೆ ಗಾಳಿ ಬರಲಿಲ್ಲ! ಆದರೆ ಫೌಂಡ್ರಿಯ ಮನುಷ್ಯ, ಟ್ರಯಲ್ ಇಲ್ಲದೆ ಪಾಸು ಮಾಡುತ್ತಾರೆಯೇ? ಗುರುತಿನವರ ಐಸ್ ಫ್ಯಾಕ್ಟರಿಯಲ್ಲಿ, ಮಂಜುಗಡ್ಡೆ ಜೋಡಿಸಿಡುವ ಕೋಣೆಯೊಳಗೆ, ಕಂಬಳಿ ಸುತ್ತಿಕೊಂಡು ಸ್ಟೂಲಿನ ಮೇಲೆ ಅರ್ಧ ಗಂಟೆ ಕೂತರು. ಗಡಿಯಾರ ಹಿಡಿದು ಹೊರಗೆ ನಿಂತಿದ್ದ ನಾನು ಬಾಗಿಲು ಬಡಿದು, "ಹೇಗಿದೆ ಮಾವ?" ಎಂದರೆ ಒಳಗಿಂದ, "ಬೆವರ್ತಿದೀನಿ ಕಣೇ!" ಎಂಬ ಉತ್ತರ ಬಂತು. ಗೆದ್ದು ಹೊರಬಂದವರಿಗೆ ಮರುದಿನವೇ ಜ್ವರ, ನಾಲ್ಕು ದಿನ. ಏಕೆಂದರೆ ಮೈಯೆಲ್ಲ ಕಂಬಳಿಯಿದ್ದರೂ ಕಾಲಲ್ಲಿ ಇದ್ದದ್ದು ಹವಾಯಿ ಚಪ್ಪಲಿ! ಅತ್ತೆ ಗಂಜಿಯ ಲೋಟ ಹಿಡಿದು ಫಲಿತಾಂಶ ಪ್ರಕಟಿಸಿದರು: "ಕಂಬಳಿ ಪಾಸು, ಮನುಷ್ಯ ಫೇಲು."

ಭದ್ರಾವತಿಯ ಹಳೆಯ ತಮಿಳು ಟೈಲರ್ ಒಬ್ಬರಿಗೆ ಕಂಬಳಿ ಕೊಟ್ಟಾಯಿತು. ಮೈಗೆ ಚುಚ್ಚದಿರಲೆಂದು ಒಳಗೆ ಫ್ಲಾನೆಲ್ ಲೈನಿಂಗು. ಅವರು ನನ್ನ ಅಳತೆ ತೆಗೆದು ಒಂದೊಂದು ಸಂಖ್ಯೆ ಹೇಳಿದಂತೆಲ್ಲ ಮಾವ, "ನಾಲ್ಕಿಂಚು ಸೇರಿಸ್ಕೊಳ್ಳಿ" ಎನ್ನುತ್ತ ಹೋದರು. ಎದೆಗೆ ನಾಲ್ಕು, ತೋಳಿಗೆ ನಾಲ್ಕು, ಉದ್ದಕ್ಕೆ ನಾಲ್ಕು. ಟೈಲರ್ ಟೇಪು ಕೆಳಗಿಟ್ಟು, "ಎನ್ನ ಸಾರ್ ಇದು, ಪಾಪಾಗೆ ಕೋಟಾ, ಲಾರಿಗೆ ಟಾರ್ಪಾಲಾ?" ಎಂದು ಕೇಳಿದರು. "ಅದು ನಮ್ಮ ಫೌಂಡ್ರಿ ಲೆಕ್ಕ, ನಿಮಗೆ ಗೊತ್ತಾಗಲ್ಲ" ಎಂದು ಮಾವ ಬಾಯಿ ಮುಚ್ಚಿಸಿದರು. ಆರು ಸೂಜಿ ಮುರಿದು, ಕೋಟು ಮುಗಿಯಿತು.

ಸೇರಲು ಹನ್ನೊಂದು ದಿನ ಉಳಿದಿತ್ತು. ಆ ಭಾನುವಾರ ಮಾವ ಭದ್ರಾವತಿಯಿಂದ ಕೋಟು ತಂದರು. ತಂದರು ಎಂದರೆ, ಯಾವ ಚೀಲಕ್ಕೂ ಹಿಡಿಸದೆ ಅದನ್ನು ತೊಟ್ಟುಕೊಂಡೇ ಬಂದರು! ನನ್ನ ಅಳತೆಯ ಕೋಟು ಮಾವನಿಗೇ ದೊಗಳೆಯಾಗಿತ್ತು. ಮಳೆಯಲ್ಲಿ ನೆನೆದ ಕಂಬಳಿಯ ಕುರಿವಾಸನೆಗೆ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯೇ ಉಳಿಯಿತಂತೆ. ಕಂಡಕ್ಟರು, "ಒಳಗೆ ಇನ್ಯಾರಾದ್ರೂ ಇದಾರಾ ಯಜಮಾನ್ರೇ?" ಎಂದು ಕೇಳಿದರಂತೆ.

ನಡುಮನೆಯಲ್ಲಿ ನಿಂತ ಆ ಕರಿಯ ಆಕೃತಿಯನ್ನು ನೋಡಿ ಅಮ್ಮ ಬಾಯಿಗೆ ಸೆರಗು ಹಿಡಿದಳು. ಅಪ್ಪ ಪೇಪರು ಮಡಿಸಿ ಎದ್ದು ಬಂದರು. ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ತೋಳು ಎಳೆದರು, ಬಟ್ಟೆ ಹಿಂಡಿ ನೋಡಿದರು. ಚಳಿ ತಡೆಯುವುದಿಲ್ಲ ಎನ್ನುವ ಹಾಗಿರಲಿಲ್ಲ. ಕೊನೆಗೆ, "ಇಷ್ಟು ದೊಡ್ಡದು ಯಾಕೋ?" ಎಂದರು.

ಮಾವನಿಗೆ ಬೇಕಾಗಿದ್ದೇ ಆ ಪ್ರಶ್ನೆ. "ಅಲೋಯನ್ಸ್ ಭಾವ! ಕಾದ ಕಬ್ಬಿಣ ಅಚ್ಚಿಗೆ ಹೊಯ್ದ್ರೆ ಆರೋವಾಗ ಕುಗ್ಗುತ್ತೆ. ಅದಕ್ಕೇ ನಾವು ಅಚ್ಚು ಯಾವಾಗ್ಲೂ ಸ್ವಲ್ಪ ದೊಡ್ಡದೇ ಮಾಡೋದು. ಭದ್ರಾವತಿಯಲ್ಲಿ ಹೊಲಿದ ಕೋಟು ಅಲ್ಲಿ ಹೋಗಿ ಮೈನಸ್ ಐದಕ್ಕೆ ಆರಿದ್ರೆ ಕುಗ್ಗದೆ ಇರುತ್ತಾ? ಕಂಬಳಿ ಕಬ್ಬಿಣಕ್ಕಿಂತ ಮೆತ್ತಗೆ. ನಾಲ್ಕಿಂಚು ಬಿಟ್ಟಿದೀನಿ."

ಅಪ್ಪನ ಕಣ್ಣಲ್ಲಿ ಗಣಿತದ ಮೇಷ್ಟ್ರು ಎಚ್ಚರವಾದರು. "ಆಯ್ತು, ಚಳಿಗೆ ಎಲ್ಲಾ ಕುಗ್ಗುತ್ತೆ ಅಂತಲೇ ಇಟ್ಕೊಳ್ಳೋಣ. ಕೋಟೂ ಕುಗ್ಗುತ್ತೆ, ಒಳಗಿರೋ ಇವಳೂ ಕುಗ್ತಾಳೆ. ಎರಡೂ ಒಂದೇ ಸಮ ಕುಗ್ಗಿದ್ರೆ ಅಳತೆ ಸರಿಯಾಗೇ ಇರುತ್ತಲ್ಲ ಮಾರಾಯ? ಮತ್ಯಾಕೆ ನಾಲ್ಕಿಂಚು?"

ಮಾವನ ಇಪ್ಪತ್ತೈದು ವರ್ಷದ ವಿದ್ಯೆಗೆ ಯಾರೂ ಹಾಕದ ಪ್ರಶ್ನೆ ಅದು. ಅಪ್ಪ ಲೆಕ್ಕದಲ್ಲಿ ಗೆದ್ದರೆಂದರೆ ನನ್ನ ಕೆಲಸ ಹೋಯಿತೆಂದೇ ಅರ್ಥ. ಮಾವ ಕೋಟಿನ ಉದ್ದ ತೋಳೊಳಗಿಂದ ಕೈ ಹೊರಗೆ ತೆಗೆಯಲು ಒದ್ದಾಡುತ್ತ ನನ್ನ ಕಡೆ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು.

"ಇವಳು ಕುಗ್ಗಲ್ಲ ಭಾವ. ಇವಳು ಕುಗ್ಗಲ್ಲ ಅಂತ ತಾನೇ ನಾನು ಅಷ್ಟು ಬಿಟ್ಟಿರೋದು."

ಅಪ್ಪ ಆ ಉದ್ದ ತೋಳನ್ನು ಒಂದು ಮಡಿಕೆ ಮಡಿಸಿದರು. ಆಮೇಲೆ ನನ್ನನ್ನು ಕೇಳಿದರು, "ಹೌದೇನೇ?"

"ಹೂಂ ಅಪ್ಪ" ಎಂದೆ. ಅಪ್ಪ ಛತ್ರಿ ತೆಗೆದುಕೊಂಡು, ರಿಸರ್ವೇಷನ್ ಫಾರಂ ತರುತ್ತೇನೆಂದು ಸ್ಟೇಷನ್ನಿನ ಕಡೆ ಹೊರಟರು. ಭಾನುವಾರ ಕೌಂಟರು ಬೇಗ ಮುಚ್ಚುತ್ತದೆಂಬುದು ಅವರಿಗೆ ನೆನಪಾಗಲೇ ಇಲ್ಲ.

ಹೋದೆ. ಬೆಟ್ಟದ ಆ ಊರಿನಲ್ಲಿ ಡಿಸೆಂಬರ್ ಬಂತು. ನಲ್ಲಿಯ ನೀರು ಹೆಪ್ಪುಗಟ್ಟಿತು, ದಾರಿ ಬೆಳ್ಳಗಾಯಿತು. ಒಳಗೆ ಮೂರು ಸ್ವೆಟರು ತೊಟ್ಟರೂ ಮೇಲೆ ಆ ಕೋಟು ಆರಾಮವಾಗಿ ಹಿಡಿಸುತ್ತಿತ್ತು, ಸ್ಟಾಫ್ ರೂಮಿನವರು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಮೈಗೆ ಚಳಿಯಾಗಲಿಲ್ಲ. ಆದರೆ ಸಂಜೆ ಐದಕ್ಕೇ ಕತ್ತಲಾಗುವ ಆ ಕೋಣೆಯಲ್ಲಿ ಕನ್ನಡದ ಒಂದು ಮಾತು ಕೇಳದೆ ವಾರಗಟ್ಟಲೆ ಕೂರುವುದಿದೆಯಲ್ಲ, ಅದಕ್ಕೆ ಯಾವ ಟೈಲರೂ ಅಳತೆ ತೆಗೆದಿರಲಿಲ್ಲ. ನನ್ನ ಹರುಕುಮುರುಕು ಹಿಂದಿಗೆ ಮಕ್ಕಳು ನಕ್ಕ ದಿನ ಕೋಣೆಗೆ ಬಂದು ಅತ್ತುಬಿಟ್ಟೆ. ರಾಜೀನಾಮೆಯನ್ನೂ ಬರೆದೆ, ಹರಿದೂ ಹಾಕಿದೆ.

ಆ ವಾರ ಎರಡು ಕಾಗದ ಬರೆದೆ. ವಿದ್ಯಾನಗರದ ಕಾಗದದಲ್ಲಿ ನಾನು ಚೆನ್ನಾಗಿದ್ದೇನೆ, ಮಕ್ಕಳು ಒಳ್ಳೆಯವರು, ಹಿಮ ಬಹಳ ಚೆಂದ ಎಂದಿತ್ತು. ಭದ್ರಾವತಿಯ ಕಾಗದದಲ್ಲಿ ಇದ್ದದ್ದು ಇಷ್ಟೇ: "ಮಾವ, ಕೋಟು ಒಂದಿಂಚೂ ಕುಗ್ಗಿಲ್ಲ. ನಾನೇ ಸ್ವಲ್ಪ ಕುಗ್ಗಿದ್ದೀನಿ. ಅಪ್ಪನಿಗೆ ಹೇಳಬೇಡಿ."

ಹದಿನೈದು ದಿನಕ್ಕೆ ಉತ್ತರ ಬಂತು, ಹಳದಿ ಪೋಸ್ಟ್ ಕಾರ್ಡಿನಲ್ಲಿ. ಇಡೀ ಕಾರ್ಡು ಖಾಲಿ, ನಡುವೆ ಮಾವನ ದಪ್ಪ ಅಕ್ಷರದ ಒಂದೇ ಸಾಲು.

"ಹೇಳಿಲ್ಲ. ನೀನು ಹೊಟ್ಟೆ ತುಂಬ ಉಣ್ಣು."