ಅಣ್ಣ ಏರಿದ ಕುದುರೆ, ನನ್ನ ಪಾಲಿನ ಸಾಲ

ನಾನು ಹೊಟ್ಟೆಕಿಚ್ಚಿನ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು; ಇಲ್ಲವಾದರೆ ನಡುವೆ ನೀವೇ ಪತ್ತೆ ಹಚ್ಚಿ, ಓದುವುದನ್ನು ಬಿಟ್ಟು ನಗುತ್ತ ಕುಳಿತುಬಿಡುತ್ತೀರಿ. ಆದರೆ ನನ್ನ ಹೊಟ್ಟೆಕಿಚ್ಚು ಹಿಡಿತದ್ದು. ನಮ್ಮ ಗಿರಣಿಯ ಚಾಳಿನಲ್ಲಿ ಕೆಲವರಿಗೆ ಬಾಜೂ ಮನೆಯವರು ಹೊಸ ಕೊಡೆ ತಂದರೂ ಉರಿ, ಎದುರು ಮನೆಯವರ ಆಡು ಎರಡು ಮರಿ ಹಾಕಿದರೂ ಉರಿ. ನಾನು ಹಾಗೆ ಕಂಡಕಂಡವರ ಮೇಲೆ ಅದನ್ನು ಚೆಲ್ಲಾಡಿದವನಲ್ಲ. ಇದ್ದಷ್ಟನ್ನೂ ಜೋಪಾನವಾಗಿ ಕೂಡಿಟ್ಟು ಒಬ್ಬನೇ ಒಬ್ಬನ ಮೇಲೆ ಇಟ್ಟೆ. ಅವನು ನನ್ನ ಸ್ವಂತ ಅಣ್ಣ ಮಲ್ಲಪ್ಪ. ಕಾರಣ ಒಂದು ಬಿಳಿ ಕುದುರೆ. ಲಗ್ನಕ್ಕೆ ಸಾಲ ಮಾಡಬೇಕೋ ಬೇಡವೋ ಎಂದು ಈಗೀಗ ಎಲ್ಲಿ ಹೋದರೂ ಚರ್ಚೆ ನಡೆದಿರುತ್ತದೆ. ಗಿರಣಿಯಲ್ಲಿ ಊಟದ ಬಿಡುವಿಗೆ ಕುಳಿತರೆ ಅದೇ ಮಾತು, ಕ್ಷೌರದ ಕಟ್ಟೆಯಲ್ಲಿ ಅದೇ ಮಾತು. ಮಾಡಬಾರದು ಎನ್ನುವವರೆಲ್ಲ ಮಾಡಿ ಕುಳಿತವರು, ಮಾಡಲಿ ಬಿಡು ಎನ್ನುವವರು ಊಟಕ್ಕೆ ಬರುವವರು. ಅವರ ನಡುವೆ ನಾನು ಬಾಯಿ ಹಾಕುವುದಿಲ್ಲ. ನಾನು ಇನ್ನೊಬ್ಬನ ಮೆರವಣಿಗೆಯ ಸಾಲ ತೀರಿಸಿದವನು; ನನ್ನ ಲೆಕ್ಕ ಅವರಿಗೆ ತಿಳಿಯುವಂಥದಲ್ಲ.

ನಮ್ಮ ಊರು ಮಸಗುಪ್ಪಿ. ಅಪ್ಪನಿಗೆ ನಾವಿಬ್ಬರೇ ಮಕ್ಕಳು. ಅಣ್ಣನ ಲಗ್ನ ಒಳ್ಳೆಯ ಮನೆತನದಲ್ಲಿ ಗೊತ್ತಾಯಿತು. ಬೀಗರು ದೊಡ್ಡವರು, ಅವರ ಎದುರು ಸಣ್ಣವರಾಗಬಾರದೆಂದು ಅಪ್ಪ ಮೂಡಲಗಿಯ ಸಾವ್ಕಾರರ ಹತ್ತಿರ ಸಾಲ ಎತ್ತಿದ. ಮನೆಯ ಮುಂದೆ ದೊಡ್ಡ ಹಂದರ ಬಿತ್ತು. ಕರಡಿಮಜಲಿನ ವಾದ್ಯದವರಿಗೆ ವೀಳ್ಯ ಹೋಯಿತು. ಹತ್ತರಗಿಯಿಂದ ಒಂದು ಬಿಳಿ ಕುದುರೆಯನ್ನು ಬಾಡಿಗೆಗೆ ಹೇಳಿದರು. ಇಷ್ಟೆಲ್ಲ ಆದ ಮೇಲೆ, ಲಗ್ನ ಇನ್ನು ಎಂಟು ದಿನ ಇದೆ ಎನ್ನುವಾಗ ಅಪ್ಪ ಹಂದರದ ಕೆಳಗೆ ನಿಂತು ಮೇಲೆ ನೋಡಿದ, ಆಮೇಲೆ ನನ್ನ ಕಡೆ ನೋಡಿದ. ಆ ನೋಟ ನನಗೆ ಇಂದಿಗೂ ನೆನಪಿದೆ. "ಹೆಂಗೂ ಹಂದರ ಹಾಕೀವಿ. ಅಡಿಗಿ ಒಂದ, ಅಯ್ಯನವರು ಒಬ್ಬರ, ಸಾಲಾನೂ ಒಂದ. ಇಂವಂದೂ ಇದರಾಗ ಮುಗಿಸಿಬಿಡೂಣು" ಎಂದ. ಎಂಟೇ ದಿನದಲ್ಲಿ ನನಗೂ ಒಂದು ಹೆಣ್ಣು ಗೊತ್ತಾಯಿತು. ಒಂದೇ ಹಂದರದಲ್ಲಿ ಎರಡು ಲಗ್ನ ಮಾಡುವುದು ನಮ್ಮ ಕಡೆ ಹೊಸದೇನಲ್ಲ, ಬಡವರಿಗೆ ಅದೊಂದು ದೊಡ್ಡ ಅನುಕೂಲ. ಆದರೆ ಆ ಅನುಕೂಲ ಹಂದರ ಯಾರ ಹೆಸರಿನಲ್ಲಿ ಬಿದ್ದಿರುತ್ತದೋ ಅವರಿಗೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ, ಆದರೆ ಆ ಹಾಸಿಗೆಯಲ್ಲಿ ಮೊದಲೇ ಅಣ್ಣ ಮಲಗಿದ್ದರೆ ತಮ್ಮ ಏನನ್ನು ಚಾಚಬೇಕು ಎಂದು ಯಾರೂ ಹೇಳಲಿಲ್ಲ.

ಹಂದರ ಇಬ್ಬರಿಗೂ ನೆರಳು ಕೊಟ್ಟಿತು, ಕರಡಿಮಜಲಿನ ಸದ್ದು ಇಬ್ಬರ ಕಿವಿಗೂ ಬಿತ್ತು, ಹುಗ್ಗಿ ಇಬ್ಬರ ಎಲೆಗೂ ಬಂತು. ಕುದುರೆ ಮಾತ್ರ ಒಂದೇ ಇತ್ತು. ಅಣ್ಣ ಹಿರಿಯ, ಅವನ ಬೀಗರು ದೊಡ್ಡವರು, ಸಾಲ ಅವನ ಲಗ್ನಕ್ಕೆಂದು ಎತ್ತಿದ್ದು. ಅವನು ಏರಿದ. ಹಣಮಪ್ಪನ ಗುಡಿಗೆ ಮೆರವಣಿಗೆ ಹೊರಟಿತು. ಅಣ್ಣನ ಬಾಸಿಂಗ ಗೋಕಾಕದಿಂದ ತರಿಸಿದ್ದು, ಬಿಸಿಲಿಗೆ ಝಗ್ಗೆಂದು ಹೊಳೆಯುತ್ತಿತ್ತು. ನನ್ನದು ಎಂಟು ದಿನದಲ್ಲಿ ಊರಲ್ಲೇ ಅಂಟಿಸಿದ್ದು. ಅದರ ಅಂಟು ಇನ್ನೂ ಆರಿರಲಿಲ್ಲ, ಹಣೆಗೆ ಹತ್ತುತ್ತಿತ್ತು. ನಾನು ಕುದುರೆಯ ಹಿಂದೆ, ಅದು ಬಾಲ ಬೀಸುವಷ್ಟು ಜಾಗ ಬಿಟ್ಟು, ನಡೆದುಕೊಂಡು ಹೋದೆ. ಕಟ್ಟೆಯ ಮೇಲೆ ಕುಳಿತ ಒಬ್ಬ ಮುದುಕಿ ನನ್ನನ್ನು ನೋಡಿ ಪಕ್ಕದವಳಿಗೆ, "ಇಂವ ಯಾಂವಬೇ, ಬಾಸಿಂಗ ಕಟಗೊಂಡ ನಡಕೊಂತ ಹೊಂಟಾನ?" ಎಂದಳು. ಅವಳು, "ಸಣ್ಣಾಂವ ಅಲ್ಲೇನ. ಇಂವಂದೂ ಅದರಾಗ ಮುಗಸಾಕತ್ತಾರ" ಎಂದಳು. ಮುದುಕಿ "ಹೌದ ಬಿಡು, ಚಲೋ ಆತು" ಎಂದು ಕೈಯಲ್ಲಿದ್ದ ಅಕ್ಕಿಕಾಳನ್ನು ಅಣ್ಣನ ಕಡೆಗೆ ಎಸೆದಳು. ಅವುಗಳಲ್ಲಿ ನಾಲ್ಕು ಕಾಳು ಕುದುರೆಯ ಬೆನ್ನಿಗೆ ಬಡಿದು ನನ್ನ ಕಡೆ ಜಾರಿದವು. ಅದೇ ನನ್ನ ಪಾಲಿನ ಆಶೀರ್ವಾದ.

ಇದೆಲ್ಲ ಅಲ್ಲಿಗೇ ಮುಗಿದಿದ್ದರೆ ನಾನೂ ಮರೆಯುತ್ತಿದ್ದೆನೋ ಏನೋ. ಆದರೆ ಅಪ್ಪ ತೀರಿಕೊಂಡ ಮೇಲೆ ನಮ್ಮ ವಾಟಣಿಯಾಯಿತು. ಹೊಲ ಎರಡಾಯಿತು, ಎತ್ತು ಒಂದೊಂದು ಬಂತು, ಬಾವಿ ನಡುವೆ ಇದ್ದುದರಿಂದ ಇಬ್ಬರಿಗೂ ಉಳಿಯಿತು. ಕೊನೆಗೆ ಪಂಚರು ಲಗ್ನದ ಸಾಲವನ್ನು ಸರಿಯಾಗಿ ಎರಡು ಪಾಲು ಮಾಡಿದರು. ಲಗ್ನ ಎರಡಲ್ಲವೆ, ಅದಕ್ಕೆ. ನಾನು ಗೋಕಾಕ ಫಾಲ್ಸಿನ ಗಿರಣಿಯಲ್ಲಿ ನೌಕರಿ ಹಿಡಿದೆ, ಹೊಲವನ್ನು ಅಣ್ಣನಿಗೇ ಪಾಲಿಗೆ ಕೊಟ್ಟೆ, ಒಂಬತ್ತು ವರ್ಷ ಪಗಾರದಿಂದ ನನ್ನ ಅರ್ಧ ತೀರಿಸಿದೆ. ಪಗಾರದ ದಿನ ಬಂತೆಂದರೆ ನನಗೆ ಆ ಕುದುರೆ ಕಾಣುತ್ತಿತ್ತು. ಅದರ ಬಾಡಿಗೆಯಲ್ಲಿ ಅರ್ಧ ನನ್ನದೇ ತಾನೆ. ನ್ಯಾಯವಾಗಿ ನೋಡಿದರೆ ಹಿಂದಿನ ಅರ್ಧ ನನ್ನದು ಅನ್ನಬೇಕು, ಮೆರವಣಿಗೆಯುದ್ದಕ್ಕೂ ನಾನು ನೋಡಿದ್ದೂ ಆ ಭಾಗವನ್ನೇ. ಸುಗ್ಗಿಯಲ್ಲಿ ಅಣ್ಣ ಗಾಡಿಯಲ್ಲಿ ನನ್ನ ಪಾಲಿನ ಜೋಳ ತಂದು ಇಳಿಸುತ್ತಿದ್ದ, ಒಂದು ಸೇರೂ ಕಡಿಮೆ ಇರುತ್ತಿರಲಿಲ್ಲ. ಅವನು ಚೀಲ ಹೊತ್ತು ಒಳಗೆ ಬರುವಾಗಲೂ ನನಗೆ ಅವನ ತಲೆಯ ಮೇಲೆ ಚೀಲ ಕಾಣುತ್ತಿರಲಿಲ್ಲ, ಬಾಸಿಂಗ ಕಾಣುತ್ತಿತ್ತು. ಹೊಟ್ಟೆಕಿಚ್ಚಿಗೆ ಅಷ್ಟು ಚೆನ್ನಾಗಿ ಕಣ್ಣು ಕಾಣುತ್ತದೆ.

ಹೀಗೆ ಇಪ್ಪತ್ತಾರು ವರ್ಷ ಕಳೆದು ನನ್ನ ಮಗ ಈರಪ್ಪನ ಲಗ್ನ ಗೊತ್ತಾಯಿತು. ಹುಡುಗಿ ಹುಕ್ಕೇರಿಯವಳು. ಬೀಗರು ನಮ್ಮಂಥವರೇ, ಏನೂ ಕೇಳಿರಲಿಲ್ಲ. ಕೇಳಿದವನು ನಾನು, ಅದೂ ನನ್ನನ್ನೇ. ಮಸಗುಪ್ಪಿಯಲ್ಲಿ ಅದೇ ಮನೆಯ ಮುಂದೆ ಹಂದರ ಬೀಳಬೇಕು, ಎರಡು ದಿನ ಊರೂಟ ಆಗಬೇಕು, ಕರಡಿಮಜಲು ಎರಡು ಮೇಳ ಬರಬೇಕು, ಹತ್ತರಗಿಯಿಂದಲೇ ಕುದುರೆ ಬರಬೇಕು, ಅದು ಬಿಳಿಯದೇ ಇರಬೇಕು. ಐದು ನೂರು ರೂಪಾಯಿಯ ಅಂದಾಜು ಬಂತು. ಮೂಡಲಗಿಯ ಸಾವ್ಕಾರರು ನನ್ನ ಪಾಲಿನ ಹೊಲದ ಮೇಲೆ ಕೊಡುತ್ತೇನೆಂದು ಕಾಗದ ಬರೆಸಿಯೇ ಕೈಗಿಟ್ಟರು. "ಬಾವಿ ಇಬ್ಬರದೂ ಕೂಡಿ ಐತಿ ನೋಡ್ರಿ, ನಿಮ್ಮ ಅಣ್ಣಾರ ಹೆಬ್ಬಟ್ಟು ಒಂದ ಬೇಕು" ಎಂದರು. ಮನೆಗೆ ಬಂದು ಹೆಂಡತಿ ಗಂಗವ್ವನಿಗೆ ಹೇಳಿದೆ. ಅವಳು ಜೋಳ ಕೇರುತ್ತಿದ್ದಳು, ಮೊರ ಕೆಳಗಿಟ್ಟಳು.

"ಈ ಜ್ವಾಳ ಎಲ್ಲಿಂದ ಬರತೈತಿ ಗೊತ್ತೈತಿಲ್ರಿ ನಿಮಗ?" ಎಂದಳು. "ಆ ಹೊಲಾ ಹೋದ್ರ ಪಗಾರದಾಗ ಜ್ವಾಳಾ ಕೊಂಡ ತಿನ್ನೂದ ಆಕ್ಕೈತಿ. ಮೊದಲಿನ ಸಾಲಾ ಹರಿಯೂತನಕ ಒಂಬತ್ತು ವರ್ಷ ನಾ ಒಂದ ಹೊಸಾ ಸೀರಿ ಉಟ್ಟಿಲ್ಲ."

ಒಬ್ಬನೇ ಮಗ, ಜನ ಏನಂದಾರು, ಅವನಿಗೂ ಆಸೆ ಇರುವುದಿಲ್ಲವೆ ಎಂದು ನಾನು ಇಂಥ ಹೊತ್ತಿಗೆ ಎಲ್ಲ ಗಂಡಸರೂ ಹೇಳುವ ಮೂರು ಮಾತುಗಳನ್ನು ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು ಮತ್ತೆ ಮೊರ ಎತ್ತಿಕೊಂಡಳು. "ನೀವು ಸಾಲಾ ಮಾಡಾಕತ್ತಿದ್ದು ಮಗನ ಲಗ್ನಕ್ಕ ಅಲ್ಲರಿ, ನಿಮ್ಮ ಲಗ್ನಕ್ಕ. ಅದು ಆಗಿ ಹೋಗೇತಿ. ನಾನೂ ಬಾಜೂಕ ನಿಂತಿದ್ದೆ" ಎಂದಳು. ಖರೆ ಹೇಳುತ್ತೇನೆ, ಆ ದಿನ ಅವಳೂ ಇನ್ನೊಬ್ಬಳ ಹಂದರದಲ್ಲಿ ನಿಂತಿದ್ದಳೆಂಬುದು ನನಗೆ ಇಪ್ಪತ್ತಾರು ವರ್ಷದಲ್ಲಿ ಹೊಳೆದಿರಲಿಲ್ಲ. ಹೊಳೆದ ಮೇಲೂ ನಾನು ಕಾಗದ ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಮಸಗುಪ್ಪಿಗೆ ಹೊರಟೆ. ಹಟ ಹಿಡಿದವನಿಗೆ ತಿಳುವಳಿಕೆ ಬಂದರೂ ಕಾಲು ನಿಲ್ಲುವುದಿಲ್ಲ.

ಅಣ್ಣ ಬಾವಿಯ ದಂಡೆಯಲ್ಲಿ ಕುಳಿತು ಹಗ್ಗ ಹೊಸೆಯುತ್ತಿದ್ದ. ಕಾಗದದ ವಿಷಯ ಹೇಳಿದೆ. "ಐದನೂರು? ಯಾತಕ್ಕೋ ಅಷ್ಟು?" ಎಂದ. ನಾನು ಎಣಿಸಿದೆ: ಹಂದರಕ್ಕೆ, ಊಟಕ್ಕೆ, ಬಟ್ಟೆಬರೆಗೆ, ಮಜಲಿನವರಿಗೆ. ಕುದುರೆಯ ಹೆಸರು ಹೇಳುವಾಗ ಮಾತ್ರ ನನ್ನ ದನಿ ತಾನಾಗಿಯೇ ಇಳಿಯಿತು.

"ಕುದುರಿ ಯಾತಕ್ಕೋ? ಗುಡಿ ಇಲ್ಲೇ ಐತಿ. ಬೀಗರು ಹುಕ್ಕೇರಿಯಿಂದ ಮೋಟಾರದಾಗ ಬರತಾರ."

"ಲಗ್ನ ಅಂದಮ್ಯಾಲ ಕುದುರಿ ಬೇಕು."

"ನಿನ್ನ ಲಗ್ನಕ್ಕ ಇರಲಿಲ್ಲಲ್ಲ, ಏನಾತು?"

"ಅದಕ್ಕ ಬೇಕು" ಎಂದುಬಿಟ್ಟೆ. ಅದಾದ ಮೇಲೆ ಬಾಯಿ ನಿಲ್ಲಲಿಲ್ಲ. ಅಂಟು ಬಾಸಿಂಗ, ಮುದುಕಿ, ನಾಲ್ಕು ಅಕ್ಕಿಕಾಳು, ಒಂಬತ್ತು ವರ್ಷದ ಕಂತು, ಎಲ್ಲವನ್ನೂ ಹೊರಗೆ ಹಾಕಿದೆ. ಗಡ್ಡ ಬೆಳ್ಳಗಾದ ಮನುಷ್ಯ, ನಾಳೆ ಬೀಗನಾಗುವವನು, ಬಾವಿಯ ದಂಡೆಯಲ್ಲಿ ನಿಂತು ಕುದುರೆ ಕೊಡಲಿಲ್ಲವೆಂದು ಅಳುವ ದನಿಯಲ್ಲಿ ಮಾತಾಡುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ, ಆಗ ಬಹಳ ಹಗುರಾಯಿತು.

ಅಣ್ಣ ಹಗ್ಗವನ್ನು ತೊಡೆಯ ಮೇಲೆ ಬಿಟ್ಟು ನನ್ನನ್ನೇ ನೋಡಿದ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. ಬರಿಯ ಆಶ್ಚರ್ಯವಿತ್ತು. "ಅಲ್ಲೋ ತಮ್ಮಾ, ಒಂದ ಮಾತ ಅನಬಾರದಿತ್ತೇನೋ? ಗುಡಿಗಿ ಹೋಗೂಮುಂದ ನಾ ಕುಂಡರತಿದ್ದೆ, ಬರೂಮುಂದ ನೀ ಕುಂಡರತಿದ್ದಿ. ನಾ ಇಳದ ಕೊಡತಿದ್ನಲ್ಲೋ" ಎಂದ. ತೊಡೆಯ ಮೇಲೆ ಕೈಯಾಡಿಸಿ, "ನನಗರ ಅರ್ಧಾ ದಾರ್ಯಾಗ ತೊಡಿ ಸುಲದಿದ್ವು. ಯಾರರ ಇಳಿ ಅಂದ್ರ ಸಾಕಾಗಿತ್ತು" ಎಂದ. ಆಮೇಲೆ ಹೆಬ್ಬೆರಳನ್ನು ಧೋತರಕ್ಕೆ ಒರೆಸಿಕೊಂಡು ಮುಂದೆ ಚಾಚಿ, "ಕೊಡು ಕಾಗದ. ನಿನಗ ಅಷ್ಟ ಆಸೆ ಇದ್ದಮ್ಯಾಲ ಹೆಬ್ಬಟ್ಟು ಒತ್ತತೇನಿ. ಹೊಲಾ ಹೋದ್ರ ನಂದು ಐತಿ, ಇಬ್ಬರೂ ಉಣ್ಣೂಣು" ಎಂದ.

ಕಾಗದ ತೆಗೆಯಲು ನಾನು ಕಿಸೆಗೆ ಕೈ ಹಾಕಿದೆ. ಕಿಸೆಗೆ ಹೋದ ಕೈ ಕಾಗದವನ್ನು ಹೊರಗೆ ತರಲಿಲ್ಲ. ಒಂದು ಮಾತು. ಅದನ್ನು ಕೇಳಲು ಅಂದು ಗುಡಿಯ ತನಕ ದಾರಿಯಿತ್ತು, ಆಮೇಲೆ ಇಪ್ಪತ್ತಾರು ವರ್ಷವಿತ್ತು, ನಾನು ಕೇಳಿರಲಿಲ್ಲ. "ಇರಲಿ ಬಿಡಣ್ಣಾ, ನೋಡೂಣು" ಎಂದು ತಿರುಗಿ ಬಂದೆ. ಬಾವಿಯ ದಂಡೆಯ ಮಾತನ್ನು ಗಂಗವ್ವನಿಗೆ ಹೇಳದೆಯೇ ಕಾಗದವನ್ನು ಅದೇ ವಾರ ಒಲೆಗೆ ಹಾಕಿದೆ. ಕುದುರೆ ಇಲ್ಲವೆಂದು ಈರಪ್ಪನಿಗೆ ಹೇಗೆ ಹೇಳುವುದೆಂದು ಎರಡು ದಿನ ಒದ್ದಾಡಿ ಕೊನೆಗೆ ಹೇಳಿದರೆ, ಅವನು "ಯಾವ ಕುದುರಿರೀ ಅಪ್ಪಾ?" ಎಂದ. ಅವನನ್ನು ನಾನು ಒಂದು ಸಲವೂ ಕೇಳಿರಲಿಲ್ಲ.

ಲಗ್ನ ಚೆನ್ನಾಗಿಯೇ ಆಯಿತು. ಒಂದು ಹಂದರ, ಒಂದು ಮೇಳ, ಒಂದೇ ಹೊತ್ತಿನ ಹುಗ್ಗಿಯ ಊಟ. ಮಗ ಗುಡಿಗೆ ನಡೆದುಕೊಂಡು ಹೋದ, ಅವನ ಜೊತೆ ಗೆಳೆಯರೆಲ್ಲ ಮಾತಾಡುತ್ತ ನಡೆದರು. ಒಂದು ಪೈಯ ಸಾಲವಿಲ್ಲ. ಬಂದವರು ಎಲೆಯ ಮುಂದೆ ಕುಳಿತು, "ಸಾಲಾ ಮಾಡದ ಲಗ್ನಾ ಮಾಡಿದ್ರಲ್ಲ, ಶಾಣ್ಯಾತನ ಅಂದ್ರ ಇದು" ಎಂದು ಹೊಗಳಲು ಶುರು ಮಾಡಿದರು. ನಾನು ರುಮಾಲು ಸರಿ ಮಾಡಿಕೊಂಡು ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ಗಂಗವ್ವ ತುಪ್ಪದ ಗಿಂಡಿ ಹಿಡಿದುಕೊಂಡು ಬಂದವಳು, "ಎಲ್ಲಾ ನಮ್ಮ ಭಾವಾರ ಪುಣ್ಯಾರಿ. ಅವರು ಬುದ್ಧಿ ಹೇಳಿದ್ದಕ್ಕ ಹೊಲಾ ಉಳೀತು" ಎಂದಳು. ಎಲ್ಲರೂ ಅಣ್ಣನ ಕಡೆ ತಿರುಗಿದರು. ಒಬ್ಬರು ಎದ್ದು ಹೋಗಿ ಅವನಿಗೆ ಕೈ ಮುಗಿದೂ ಬಂದರು.

ಅಣ್ಣ ಬುದ್ಧಿ ಹೇಳಿದ್ದು ಎಲ್ಲಿ? ಅವನು ಹೆಬ್ಬೆರಳು ಮುಂದೆ ಮಾಡಿದ್ದ. ಕಾಗದವನ್ನು ಕಿಸೆಯಲ್ಲೇ ಉಳಿಸಿದ್ದು ನನ್ನ ಕೈ, ಒಲೆಗೆ ಹಾಕಿದ್ದೂ ಅದೇ ಕೈ. ಕುದುರೆ ಅವನದಾಯಿತು, ಹೋಗಲಿ. ಇಪ್ಪತ್ತಾರು ವರ್ಷಕ್ಕೆ ಒಂದು ಸಲ ನನಗೆ ಬುದ್ಧಿ ಬಂದರೆ ಅದೂ ಅವನ ಹೆಸರಿಗೇ ಹೋಗಬೇಕೆ? ಅಂದು ಸಂಜೆ ಹಂದರದ ಗಳ ಬಿಚ್ಚುವಾಗ ಅವನ ಹತ್ತಿರ ಹೋಗಿ, ಈ ಹೆಸರು ನನ್ನದು, ಕೊಡು ಎಂದು ಕೇಳಿಬಿಡೋಣ ಎಂದುಕೊಂಡೆ, ಕೇಳಲಿಲ್ಲ. ಕೇಳಿದ್ದರೆ ಅಲ್ಲೇ ಎಲ್ಲರನ್ನೂ ಕರೆದು, ಎಲ್ಲಾ ನನ್ನ ತಮ್ಮನ ಶಾಣ್ಯಾತನ ಎಂದು ಹೇಳಿ, ಅದನ್ನೂ ಇಳಿದು ಕೊಟ್ಟುಬಿಡುತ್ತಿದ್ದ. ಅದು ನನಗೆ ಚೆನ್ನಾಗಿ ಗೊತ್ತು. ಹೊಟ್ಟೆ ಉರಿಯುವುದು ಅದಕ್ಕೇ.