ಟೈಲರ್ ಮುಚ್ಚಿದ ಗಾಯ

"ನನ್ನ ಹಿಂಭಾಗದ ಉಸ್ತುವಾರಿ ನನ್ನದೇ! ಯಾರೂ ಕೈ ಹಾಕೋದು ಬೇಡ, ಕಣ್ಣು ಹಾಕೋದೂ ಬೇಡ!"

ಆಸ್ಪತ್ರೆಯಿಂದ ಬಂದ ಟೈಲರ್ ಹೊಸ್ತಿಲಲ್ಲೇ ನಿಂತು ಹೀಗೆ ಘೋಷಿಸಿದ. ಗುದದ್ವಾರದ ಪಕ್ಕದಲ್ಲಿ ಫಿಸ್ಟುಲಾ, ಅಂದರೆ ಕೀವು ಸೋರುವ ಹುಣ್ಣಿನ, ಆಪರೇಷನ್ ಆಗಿತ್ತು. ದಿನಕ್ಕೆ ಮೂರು ಸಲ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿಕೊಂಡು ಕೂರಬೇಕು, ಆಮೇಲೆ ಗಾಯದ ಮೇಲೆ ಹಗುರವಾಗಿ ಗಾಜ್ ಬಟ್ಟೆ ಇಡಬೇಕು. ಹೆಂಡತಿ ತಾನೇ ಮಾಡಿಕೊಡುತ್ತೇನೆ ಎಂದಳು. ಇಪ್ಪತ್ತೆರಡು ವರ್ಷ ಜೊತೆಗೆ ಸಂಸಾರ ಮಾಡಿದವಳಿಗೂ ಆ ಜಾಗ ತೋರಿಸುವುದೆಂದರೆ ಮಹಾಶಯನಿಗೆ ಮಾನ ಹೋದಂತೆ.

"ನಿಮಗೇನು ಬೆನ್ನ ಹಿಂದೆ ಕಣ್ಣಿದೆಯೇನ್ರೀ?"

"ಕನ್ನಡಿ ಇದೆ! ಊರವರ ಹಿಂಭಾಗವನ್ನೆಲ್ಲ ಅಳತೆ ತಗೊಂಡವನು ನಾನು. ನನ್ನದು ನನಗೆ ಗೊತ್ತಾಗಲ್ವಾ?"

ಅಂಗಡಿಯ ಟ್ರಯಲ್ ರೂಮಿನ ಕನ್ನಡಿ ಬಚ್ಚಲುಮನೆಗೆ ಬಂತು. ಚಿಲಕ ಬಿತ್ತು. ಎರಡು ದಿನ ಎಲ್ಲ ಸುಸೂತ್ರ. ಮೂರನೇ ದಿನ ಕನ್ನಡಿಯನ್ನು ಸರಿಯಾಗಿ ವಾಲಿಸಿ, ಕತ್ತು ಉಳುಕುವಷ್ಟು ತಿರುಗಿಸಿ ನೋಡಿದರೆ, ಗಾಯ ಬಾಯಿ ಬಿಟ್ಟುಕೊಂಡು ಕೂತಿದೆ! ಒಂದೇ ಒಂದು ಹೊಲಿಗೆ ಇಲ್ಲ! ಟೈಲರನ ಪಿತ್ತ ನೆತ್ತಿಗೇರಿತು.

"ಡಾಕ್ಟರು ಕೆಲಸ ಅರ್ಧಕ್ಕೇ ಬಿಟ್ಟಿದ್ದಾರೆ ಕಣೇ!" ಒಳಗಿಂದಲೇ ಕೂಗಿದ. "ನಾನು ಹೀಗೆ ಕೊಟ್ಟಿದ್ದರೆ ಗಿರಾಕಿ ಮುಖಕ್ಕೆ ಎಸೆದು ಹೋಗ್ತಿದ್ದ!"

"ಹಾಗೇ ಬಿಡಬೇಕೇನೋ. ಆಸ್ಪತ್ರೇಲಿ ಕೊಟ್ಟಿರೋ ಚೀಟಿ ಒಂದ್ಸಲ ಓದ್ರೀ."

"ಚೀಟಿ ನೋಡಿಕೊಂಡು ಕೆಲಸ ಮಾಡೋನು ಹೊಸಬ!"

ಗಾಜ್ ಅಂಟಿಸಲು ಕೊಟ್ಟಿದ್ದ ಪ್ಲಾಸ್ಟರನ್ನು ಕತ್ತರಿಯಿಂದ ಸಣ್ಣ ಸಣ್ಣ ಪಟ್ಟಿ ಮಾಡಿದ. ಹಲ್ಲು ಕಚ್ಚಿಕೊಂಡು ಗಾಯದ ಎರಡೂ ಅಂಚು ಕೂಡಿಸಿ, ಸಮ ಅಂತರ ಬಿಟ್ಟು, ಅಡ್ಡಡ್ಡ ಅಂಟಿಸಿದ. ಒಂದು ಸುಕ್ಕಿಲ್ಲ! ಕನ್ನಡಿ ನೋಡಿ ತನಗೆ ತಾನೇ ಭೇಷ್ ಅಂದುಕೊಂಡ.

ಎರಡು ದಿನದಲ್ಲಿ ಜ್ವರ ಬಂತು. ಕೂತರೆ ನೋವು, ನಿಂತರೆ ನೋವು, ಕೆಮ್ಮಿದರೆ ಕಣ್ಣಲ್ಲಿ ನೀರು. ಹೆಂಡತಿ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಅಲ್ಲೂ ಅವಳನ್ನು ಬಾಗಿಲ ಹೊರಗೇ ನಿಲ್ಲಿಸಿ, ಇವನೊಬ್ಬನೇ ಒಳಗೆ ಹೋಗಿ ಬೋರಲು ಮಲಗಿದ.

ಡಾಕ್ಟರು ನೋಡಿದರು. ಬಗ್ಗಿ ಇನ್ನೊಮ್ಮೆ ನೋಡಿದರು. "ಸಿಸ್ಟರ್, ಟ್ರೈನಿಂಗಿಗೆ ಬಂದಿರೋರನ್ನೆಲ್ಲ ಕರೀರಿ!"

ನರ್ಸಿಂಗ್ ಕಲಿಯುವ ಆರು ಜನ ಹುಡುಗಿಯರು ಸುತ್ತ ನಿಂತರು.

"ನೋಡ್ರಮ್ಮ, ಈ ಗಾಯ ತಳದಿಂದ ತುಂಬಿಕೊಂಡು ಬರಬೇಕು. ಅದಕ್ಕೇ ತೆರೆದು ಬಿಟ್ಟಿರ್ತೀವಿ. ಹೀಗೆ ಮೇಲೆ ಮುಚ್ಚಿದರೆ ಕೀವು ಒಳಗೇ ನಿಲ್ಲುತ್ತೆ. ಯಾವತ್ತೂ ಹೀಗೆ ಮಾಡಬಾರದು."

ಟೈಲರ್ ದಿಂಬಿನೊಳಗೆ ಮುಖ ಹುದುಗಿಸಿದ. ಮುಖವಾದರೂ ಉಳಿಯಲಿ! ಅಷ್ಟರಲ್ಲಿ ಒಬ್ಬಳು ಬಗ್ಗಿ ನೋಡಿ, "ಈ ಫಿನಿಶಿಂಗ್..." ಎಂದು ರಾಗ ಎಳೆದಳು. "ಅಯ್ಯೋ, ನಮ್ಮ ಯೂನಿಫಾರ್ಮ್ ಹೊಲಿಯೋ ಅಂಕಲ್! ಹೇಗಿದ್ದೀರಾ ಅಂಕಲ್?"

"ಚೆನ್ನಾಗಿದ್ದೀನಮ್ಮ," ಎಂದಿತು ದಿಂಬು.

ಸಂಜೆ ಮನೆಯಲ್ಲಿ ಟಬ್ಬಿನಿಂದ ಎದ್ದವನು ಬಚ್ಚಲ ಚಿಲಕ ತಾನೇ ತೆಗೆದ. ಗಾಜ್ ಬಟ್ಟೆ ಹಿಡಿದು ಬಂದ ಹೆಂಡತಿ ಬಾಗಿಲಲ್ಲೇ ನಿಂತಳು. "ಬರಲಾ? ನಾಚಿಕೆ ಆಗಲ್ವಾ?"

"ಬಾರೇ ಬಾ. ಇನ್ನು ನೋಡದೆ ಉಳಿದಿರೋಳು ನೀನೊಬ್ಬಳೇ!"