ಅಪ್ಪನ ಕುರ್ಚಿಯ ಕೆಳಗಿನ ಮೊಲ

ಕೆಲವರ ಮನೆಯಲ್ಲಿ ನಲ್ಲಿ ಸೋರುತ್ತದೆ, ಕೆಲವರ ಮನೆಗೆ ಗೆದ್ದಲು ಹತ್ತುತ್ತದೆ. ನಮ್ಮ ಮನೆಯಲ್ಲಿ ಮಾತ್ರ ಮೈ ಜುಮ್ಮೆನ್ನುವಂಥದ್ದೇ ಏನಾದರೂ ನಡೆಯುತ್ತಿರುತ್ತದೆ. ತುಮಕೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾದ ನನಗೆ ಇದನ್ನು ಹೇಳಿಕೊಳ್ಳುವುದೇ ನಾಚಿಕೆ. ದೆವ್ವಗಿವ್ವ ಎಲ್ಲ ಸುಳ್ಳು ಅಂತ ಮಕ್ಕಳಿಗೆ ಪಾಠ ಮಾಡಿ ಬಂದು, ಬಟವಾಡಿಯ ನಮ್ಮ ಬಾಡಿಗೆ ಮನೆಯ ಬಾಗಿಲಲ್ಲಿ ನಿಂತು, ಒಳಗಿಂದ ಸದ್ದು ಬರುತ್ತಿದೆಯಾ ಅಂತ ಕಿವಿಗೊಡುತ್ತಿದ್ದವನು ನಾನು.

೧. ನಾಲ್ಕು ಗಂಟೆಯ ಸದ್ದು

ಅಪ್ಪ ತೀರಿಕೊಂಡ ಮೇಲೆ ಮನೆ ಬಿಕೋ ಅನ್ನುತ್ತಿತ್ತು. ಮಗಳಿಗೆ ಜೊತೆಯಾಗಲಿ ಅಂತ ಗುಬ್ಬಿಯಲ್ಲಿ ಮೊಲ ಸಾಕುವವರೊಬ್ಬರ ಹತ್ತಿರ ಬಿಳಿ ಮರಿಯೊಂದನ್ನು ತಂದೆ. ಗಂಡು ಮರಿ, ಬಲೇ ಸಾಧು ಅಂದಿದ್ದರು. ನಿಜಕ್ಕೂ ಸಾಧುವೇ. ಮಗಳ ಮಡಿಲಲ್ಲಿ ಮಲಗುತ್ತಿತ್ತು, ಕೊತ್ತಂಬರಿ ಕೊಟ್ಟವರೆಲ್ಲ ನೆಂಟರು.

ಮೂರ್ನಾಲ್ಕು ತಿಂಗಳು ಕಳೆದವು. ಒಂದು ದಿನ ಇದ್ದಕ್ಕಿದ್ದಂತೆ ಅದು ಅಪ್ಪನ ಒರಗುಕುರ್ಚಿಯ ಕೆಳಗೆ ಹೋಗಿ ಕೂತಿತು. ಕೂತದ್ದು ಏಳಲಿಲ್ಲ. ಯಾರಾದರೂ ಹತ್ತಿರ ಬಂದರೆ ಗಂಟಲಲ್ಲೇ ಗುರ್ ಅನ್ನುತ್ತಿತ್ತು. ಮೊಲಕ್ಕೆ ಗುರುಗುಟ್ಟಲು ಬರುತ್ತದೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಅದಕ್ಕಿಂತ ಹೆಚ್ಚಾಗಿ, ಮಧ್ಯಾಹ್ನ ನಾಲ್ಕರ ಸುಮಾರಿಗೆ ಹಿಂಗಾಲಿನಿಂದ ನೆಲಕ್ಕೆ ಥಪ್ ಅಂತ ಬಡಿಯುತ್ತಿತ್ತು. ಅಪ್ಪ ಬದುಕಿದ್ದಾಗ ಅದೇ ಹೊತ್ತಿಗೆ, ಅದೇ ಕುರ್ಚಿಯಲ್ಲಿ ಕೂತು, ಕಾಫಿಗಾಗಿ ಕೋಲು ಕುಟ್ಟುತ್ತಿದ್ದರು. ಅಮ್ಮ ಅಡುಗೆಮನೆಯಲ್ಲಿ ಕೈಕೆಲಸ ಬಿಟ್ಟು ನಿಂತುಬಿಟ್ಟಳು.

ಆ ವಾರ ಹೆಬ್ಬೂರಿನಿಂದ ಅಮ್ಮನ ತಮ್ಮ, ಅಂದರೆ ನಮ್ಮ ಸೋದರಮಾವ, ಬಂದು ಏನೂ ತಿಳಿಯದೆ ಆ ಕುರ್ಚಿಯಲ್ಲಿ ಕೂತ. ಮೊಲ ಅವನ ಕಾಲನ್ನು ಎರಡು ಸುತ್ತು ಸುತ್ತಿ ಹೆಬ್ಬೆರಳು ಕಚ್ಚಿತು. ಮಾವ ನೆಗೆದು ದಿವಾನದ ಮೇಲೆ ಹತ್ತಿದ. ಅಮ್ಮ ರಕ್ತ ಒರೆಸುತ್ತಾ, ನಿಧಾನಕ್ಕೆ, ಒಂಥರಾ ಸಮಾಧಾನದಿಂದಲೇ ಹೇಳಿದಳು:

"ನಿನ್ನ ಕಂಡ್ರೆ ನಿಮ್ಮ ಭಾವಂಗೆ ಮೊದ್ಲಿಂದ್ಲೂ ಆಗ್ತಿರ್ಲಿಲ್ಲ ಕಣೋ."

೨. ಡಾಕ್ಟರ ಸಲಹೆ

ಅಂದಿನಿಂದ ಮೊಲಕ್ಕೆ ಬಹುವಚನ ಬಂತು. "ಅವ್ರು ತಿಂದ್ರಾ? ಅವ್ರಿಗೆ ನೀರಿಟ್ರಾ?" ಅಂತ ಅಮ್ಮ ಕೇಳುತ್ತಿದ್ದಳು. ಸಂಜೆ ಕುರ್ಚಿಯ ಪಕ್ಕ ಕೂತು ಅದಕ್ಕೆ ದಿನದ ಸುದ್ದಿಯೆಲ್ಲ ಒಪ್ಪಿಸುತ್ತಿದ್ದಳು. ಅಪ್ಪ ಹೋದಮೇಲೆ ಅವಳು ಅಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ನನಗೆ ಸಂಕಟವೂ ಆಗುತ್ತಿತ್ತು, ಭಯವೂ ಆಗುತ್ತಿತ್ತು. ಮೊಲ ಅಮ್ಮನೊಬ್ಬಳನ್ನು ಬಿಟ್ಟು ಎಲ್ಲರ ಕೈಗೂ ಹಲ್ಲು ಹಾಕಿತ್ತು. ರಾತ್ರಿ ಅದನ್ನು ಕೂಡುತ್ತಿದ್ದ ಪಂಜರದ ಬಟ್ಟಲು ತೆಗೆಯಲು ಹೋದ ಮಗಳ ಬೆರಳಿಗೂ ಕಚ್ಚಿದ ಮೇಲೆ ಅವಳು ಹಾಲ್‌ಗೆ ಬರುವುದನ್ನೇ ಬಿಟ್ಟಳು.

ಪ್ರಾಣಿ ಡಾಕ್ಟರ ಹತ್ತಿರ ಕೊಂಡೊಯ್ದೆ. ಅದು ಅವರ ಗ್ಲೌಸನ್ನೂ ಕಚ್ಚಿದ್ದರಿಂದ ಅವರು ಎತ್ತಿ ನೋಡುವ ಗೋಜಿಗೆ ಹೋಗಲಿಲ್ಲ. ವಯಸ್ಸಿಗೆ ಬಂದ ಮೊಲಗಳು ಹೀಗೇ, ಜಾಗ ತಮ್ಮದು ಅಂತ ಕಾಯುತ್ತವೆ, ಅದು ಒಳಗಿರುವಾಗ ಪಂಜರಕ್ಕೆ ಕೈ ಹಾಕಬೇಡಿ, ನೆಲ ಬಡಿಯುವುದು ಹೆದರಿಕೆಗೆ, ಆ ಹೊತ್ತಿಗೆ ಬೆಕ್ಕೋ ನಾಯಿಯೋ ಹಾದುಹೋಗುತ್ತಿರಬೇಕು ಅಂದರು. ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿದರೆ ಸಿಟ್ಟು ಇಳಿಯುತ್ತದೆ ಅಂತಲೂ ಹೇಳಿದರು.

ಮನೆಗೆ ಬಂದು ಅಮ್ಮನಿಗೆ ತಿಳಿಸಿದೆ. ಅವಳು ನನ್ನನ್ನು ನೋಡಿದ ನೋಟ ಜನ್ಮದಲ್ಲಿ ಮರೆಯುವುದಿಲ್ಲ. "ಹೆತ್ತಪ್ಪಂಗೆ ಅದನ್ನ ಮಾಡಿಸ್ತೀಯೇನೋ?" ಅಂದಳು.

ನನ್ನ ಹೆಂಡತಿ ಖಡಾಖಂಡಿತವಾಗಿ ಹೇಳಿದಳು: ಹಬ್ಬ ಮುಗಿಯುತ್ತಲೇ ಆಪರೇಷನ್ ಆಗಬೇಕು, ಇಲ್ಲವೇ ಮೊಲ ಕುಣಿಗಲ್ಲಿನ ತನ್ನ ಅಣ್ಣನ ತೋಟಕ್ಕೆ ಹೋಗಬೇಕು. ಅಮ್ಮ ಜಗಳ ಆಡಲಿಲ್ಲ. ಮಂಚದ ಕೆಳಗಿಂದ ಬ್ಯಾಗ್ ಎಳೆದು ಎರಡು ಸೀರೆ ಇಟ್ಟುಕೊಂಡಳು. ಅವರು ಹೋದರೆ ತಾನೂ ಜೊತೆಗೆ, ಕುಣಿಗಲ್ ಬಸ್ಸು ಎಷ್ಟು ಹೊತ್ತಿಗಿದೆ ಅಂತ ನನ್ನನ್ನೇ ಕೇಳಿದಳು.

೩. ಎಡೆ

ಹಬ್ಬ ಅಂದರೆ ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬ. ಸತ್ತವರ ಫೋಟೋ ಮುಂದೆ ಅವರಿಗೆ ಇಷ್ಟವಾದ ಅಡುಗೆ, ಹೊಸ ಬಟ್ಟೆ ಇಟ್ಟು, ಎಲ್ಲರೂ ಆಚೆ ಬಂದು ಬಾಗಿಲು ಮುಚ್ಚುತ್ತೇವೆ. ಹಿರಿಯರು ಬಂದು ಉಂಡು ಹೋಗುವಷ್ಟು ಹೊತ್ತು ಯಾರೂ ಮಾತಾಡಬಾರದು.

ಅಮ್ಮ ಒಳಕೋಣೆಯಲ್ಲಿ ಅಪ್ಪನ ಫೋಟೋ ಮುಂದೆ ಕಜ್ಜಾಯ, ವಡೆ, ಸೊಪ್ಪಿನ ಪಲ್ಯ ಬಡಿಸಿ, ಹೊಸ ಪಂಚೆ ಶಲ್ಯ ಇಟ್ಟು ಬಾಗಿಲೆಳೆದಳು. ದೀಪ ಹಚ್ಚುವ ಹೊತ್ತು. ಹಾಲ್‌ನಲ್ಲಿ ಅಮ್ಮ, ನಾನು, ಹೆಂಡತಿ, ಮಗಳು, ಮಾವ ಬಾಗಿಲಿಗೆ ಕಿವಿಗೊಟ್ಟು ನಿಂತೆವು.

ಒಳಗೆ ಥಪ್ ಅಂತು.

ಮಗಳು ನನ್ನ ಕೈ ಹಿಡಿದಳು. ಆಮೇಲೆ ಎಲೆ ಸರಿದ ಸದ್ದು, ಏನೋ ಅಗಿದ ಸದ್ದು. ಕೊನೆಗೆ ಬಟ್ಟೆ ಪರ್ ಅಂತ ಹರಿದ ಸದ್ದು. ಮಾವ ಚಪ್ಪಲಿ ಮೆಟ್ಟಿಕೊಂಡು ಗೇಟಿನ ಹತ್ತಿರ ಹೋಗಿ ನಿಂತ. ನನ್ನ ವಿಜ್ಞಾನವೂ ಅವನ ಹಿಂದೆಯೇ ಹೋಯಿತು. ಅಮ್ಮನ ಕಣ್ಣಲ್ಲಿ ಮಾತ್ರ ನೀರು. "ಬಂದವ್ರೆ," ಅಂದಳು, ಬಾಗಿಲು ತೆರೆದಳು.

ನಾವು ಅಡುಗೆ ಸಾಗಿಸುವ ಗಡಿಬಿಡಿಯಲ್ಲಿ ಮೊಲ ಒಳಗೆ ಸೇರಿಕೊಂಡಿತ್ತು. ಹೊಸ ಪಂಚೆಯನ್ನು ಹರಿದು, ಮೂಲೆಯಲ್ಲಿ ಒಪ್ಪವಾಗಿ ಒಟ್ಟಿ, ತನ್ನ ಎದೆಯ ತುಪ್ಪಳವನ್ನು ತಾನೇ ಕಿತ್ತು ಅದರ ಮೇಲೆ ಹಾಸಿತ್ತು. ಎದೆಯಲ್ಲಿ ಬರೀ ಕೆಂಪು ಚರ್ಮ. ಬಾಯಿಯ ತುಂಬ ಇನ್ನೂ ಬಿಳಿ ಕೂದಲು. ಅಮ್ಮ ಕೈ ಚಾಚಿದಳು. ಮೊಲ ಗುರ್ ಎಂದು ಹಾರಿ, ಮೊದಲ ಸಲ ಅಮ್ಮನನ್ನೂ ಕಚ್ಚಿತು.

ಡಾಕ್ಟರಿಗೆ ಫೋಟೋ ಕಳಿಸಿದೆ. ಅವರು ಫೋನ್ ಮಾಡಿ ನಕ್ಕರು. ಅದು ಗಂಡಲ್ಲ, ಹೆಣ್ಣು. ಗಂಡಿನ ಸಂಗ ಇಲ್ಲದಿದ್ದರೂ ಕೆಲವು ಹೆಣ್ಣು ಮೊಲಗಳು ಬಸುರಿ ಅಂದುಕೊಂಡು ಮರಿಗೆ ಗೂಡು ಕಟ್ಟುತ್ತವಂತೆ. ಆಗ ಯಾರನ್ನೂ ಹತ್ತಿರ ಬಿಡುವುದಿಲ್ಲವಂತೆ. ಹೆಣ್ಣಿಗೂ ಆಪರೇಷನ್ನೇ ಮದ್ದಂತೆ.

ಅಮ್ಮನಿಗೆ ಹೇಗೆ ಹೇಳುವುದು? ಒಂದು ವರ್ಷದಲ್ಲಿ ಎರಡನೇ ಸಲ ಅಪ್ಪ ಹೋದರು ಅಂತ ಹೇಳಿದ ಹಾಗೆ. ಪಕ್ಕ ಕೂತು, ಬೆರಳಿಗೆ ಅರಿಸಿನ ಒತ್ತುತ್ತಾ ಹೇಳಿದೆ. ಅವಳು ಜಗ್ಗಲಿಲ್ಲ. ಹೋದೋರು ಹೆಣ್ಣಾಗಿ ಬರಬಾರದು ಅಂತ ಯಾವ ಡಾಕ್ಟರು ಬರೆದಿಟ್ಟವ್ನೆ, ಸಿಟ್ಟು ಅವರದ್ದೇ, ಕುರ್ಚಿ ಅವರದ್ದೇ ಅಂದಳು. ಬ್ಯಾಗಿನ ಕಡೆ ನೋಡಿದಳು. ಇನ್ನು ಕುಣಿಗಲ್ಲೇ ಗತಿ ಅಂದುಕೊಂಡೆ.

ಆಮೇಲೆ ಬಾಗಿಲ ಸಂದಿಯಿಂದ ಆ ಗೂಡನ್ನೇ ತುಂಬ ಹೊತ್ತು ನೋಡಿದಳು. ಮೊಲ ಪಂಚೆಯ ಅಂಚನ್ನು ಬಾಯಲ್ಲಿ ಕಚ್ಚಿ, ಎಳೆದು, ಸುಕ್ಕು ತೆಗೆಯುತ್ತಿತ್ತು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇದು ನಿಮ್ಮಪ್ಪ ಅಲ್ಲ ಬುಡು. ನಲವತ್ತು ವರ್ಷದಲ್ಲಿ ಒಂದಿನಾನಾದ್ರೂ ಅವ್ರ ಹಾಸ್ಗೆ ಅವ್ರೇ ಹಾಸ್ಕಂಡಿದ್ರಾ? ನಾಳೆನೇ ಡಾಕ್ಟ್ರ ತಾವ ಕರ್ಕೊಂಡೋಗು."